ದೂರದ ಸರ್ವರ್ ಕೈಕೊಟ್ಟರೆ ಯಾವ ದಾರಿ ಹಿಡಿಯುವುದು?

ಸರ್ವರ್ ಇರುವುದು ಮುಂಬೈಯಲ್ಲೋ ಫ್ರಾಂಕ್‌ಫರ್ಟ್‌ನಲ್ಲೋ. ನೀವಿರುವುದು ಇಲ್ಲಿ. ದೂರದಿಂದಲೇ ಕಮಾಂಡ್ ಕೊಡುವ ಎಸ್‌ಎಸ್‌ಎಚ್ ಲಾಗಿನ್ ಆಗುತ್ತಿಲ್ಲ. ಹೋಗಿ ಪವರ್ ಬಟನ್ ಒತ್ತೋಣ ಎಂದರೆ ಆಗದ ಮಾತು. ಇಂಥ ಹೊತ್ತಿಗೆ ದಾರಿಗಳಿಗೇನೂ ಬರವಿಲ್ಲ. ಬರೀ ಪಠ್ಯದಲ್ಲಿ ಮೆಷಿನ್ ಜೊತೆ ಮಾತಾಡುವ ಸೀರಿಯಲ್ ಕನ್ಸೋಲ್ ಇದೆ, ರೆಸ್ಕ್ಯೂ ಮೋಡ್ ಇದೆ, ಬಿಎಂಸಿ (ಸರ್ವರ್ ಒಳಗಿನ ಪುಟ್ಟ ನಿರ್ವಹಣಾ ಕಂಪ್ಯೂಟರ್), ಐಪಿ ಕೆವಿಎಂ (ಪರದೆ, ಕೀಬೋರ್ಡ್‌ಗಳನ್ನು ನೆಟ್ ಮೂಲಕ ತರುವ ಡಬ್ಬಿ), ಸ್ಮಾರ್ಟ್ ಪ್ಲಗ್, ಕೊನೆಗೆ ಡೇಟಾ ಸೆಂಟರಿನ ಸಿಬ್ಬಂದಿ ಇದ್ದಾರೆ. ಬೆಲೆ, ವೇಗ ಅಂತ ಹೋಲಿಸುತ್ತಾ ಕೂರಬಹುದು. ನಾನು ಮೊದಲು ನೋಡುವುದು ಮಾತ್ರ ಒಂದನ್ನೇ: ಈಗ ಏನು ಕೆಟ್ಟಿದೆಯೋ, ಈ ದಾರಿಯೂ ಅದನ್ನೇ ನಂಬಿಕೊಂಡಿದೆಯಾ?

ಇದು ದೊಡ್ಡವರನ್ನೂ ಬಿಟ್ಟಿಲ್ಲ. 2021ರ ಅಕ್ಟೋಬರ್ 4, ಸೋಮವಾರ ರಾತ್ರಿ ವಾಟ್ಸಾಪ್ ನಿಂತದ್ದು ನೆನಪಿರಬಹುದು. ಫೇಸ್‌ಬುಕ್ ತನ್ನ ಬ್ಯಾಕ್‌ಬೋನ್ ಜಾಲದ ನಿರ್ವಹಣೆ ಮಾಡುವಾಗ ಕೊಟ್ಟ ಒಂದು ಕಮಾಂಡ್ ಎಲ್ಲ ಡೇಟಾ ಸೆಂಟರ್‌ಗಳ ಸಂಪರ್ಕವನ್ನೂ ಕಡಿದುಹಾಕಿತು. ಸೈಟಿನ ಹೆಸರಿನಿಂದ ಐಪಿ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಹೋಯಿತು. ತುರ್ತಿಗೆಂದೇ ಇಟ್ಟಿದ್ದ ಬೇರೆ ನೆಟ್‌ವರ್ಕ್ ಕೂಡ ಕೆಲಸಕ್ಕೆ ಬರಲಿಲ್ಲ. ಇಂಜಿನಿಯರ್‌ಗಳೇ ಡೇಟಾ ಸೆಂಟರಿಗೆ ಹೋಗಬೇಕಾಯಿತು. ಎಲ್ಲ ಸರಿಹೋಗಲು ಸುಮಾರು ಆರು ಗಂಟೆ ಹಿಡಿಯಿತು. ಮರುವರ್ಷ ಜುಲೈ 8ರಂದು ಕೆನಡಾದ ರೋಜರ್ಸ್ ಎಂಬ ಟೆಲಿಕಾಂ ಕಂಪನಿಯದೂ ಇದೇ ಕಥೆ. ಅವರ ನಿರ್ವಹಣೆಯ ನೆಟ್‌ವರ್ಕ್ ಓಡುತ್ತಿದ್ದುದೇ ಬಿದ್ದುಹೋದ ಮುಖ್ಯ ಜಾಲದ ಮೇಲೆ. ಅವರ ಸಿಬ್ಬಂದಿಯ ಫೋನುಗಳೂ ಅದೇ ಕಂಪನಿಯವು!

ನಮ್ಮ ಒಂದೆರಡು ಸರ್ವರ್‌ಗೂ ಲೆಕ್ಕ ಇದೇ. ವಿಪಿಎನ್ ಓಡುತ್ತಿರುವುದೇ ಕೆಟ್ಟ ಸರ್ವರ್ ಮೇಲೆ. ಪಾಸ್‌ವರ್ಡ್ ಇರುವುದೇ ಆ ಸರ್ವರಿನ ಡಿಸ್ಕ್‌ನಲ್ಲಿ. ಹೋಸ್ಟಿಂಗ್ ಖಾತೆಗೆ ಒಟಿಪಿ ಬರುವುದು ಅದೇ ಸರ್ವರಿನ ಇಮೇಲ್‌ಗೆ. ಮೊದಲು ಈ ಗಂಟುಗಳನ್ನು ಬಿಡಿಸಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದೆ ಹೇಳುವ ಯಾವ ದಾರಿಯೂ ನಿಮ್ಮದಲ್ಲ.

ಎಲ್ಲಿ ಕೆಟ್ಟಿದೆ ಎಂದು ಹೊರಗಿನಿಂದಲೇ ಊಹಿಸುವುದು

ರೀಬೂಟ್ ಬಟನ್ ಹುಡುಕುವ ಮೊದಲು ಎರಡು ನಿಮಿಷ ನಿಲ್ಲಿ. ಎಸ್‌ಎಸ್‌ಎಚ್ ಯಾವ ತರಹ ಸೋಲುತ್ತಿದೆ ಎನ್ನುವುದರಲ್ಲೇ ಅರ್ಧ ಉತ್ತರ ಇದೆ.

"ಕನೆಕ್ಷನ್ ರಿಫ್ಯೂಸ್ಡ್" ಎಂದು ತಟ್ಟನೆ ಬಂದರೆ ಸಾಮಾನ್ಯವಾಗಿ ಒಳ್ಳೆಯ ಸುದ್ದಿ. ಮೆಷಿನ್ ಬದುಕಿದೆ, ನೆಟ್‌ವರ್ಕ್ ಇದೆ, ಎಸ್‌ಎಸ್‌ಎಚ್ ಸರ್ವಿಸ್ ಮಾತ್ರ ಬಿದ್ದಿದೆ. ಪಿಂಗ್‌ಗೆ (ಇದ್ದೀಯಾ ಎಂದು ಕೇಳುವ ಪುಟ್ಟ ಸಂದೇಶಕ್ಕೆ) ಉತ್ತರ ಬರುತ್ತಿದೆ, ಪೋರ್ಟ್ ಕೂಡ ತೆರೆಯುತ್ತಿದೆ, ಆದರೆ ಲಾಗಿನ್ ಪ್ರಾಂಪ್ಟ್ ಬರುತ್ತಲೇ ಇಲ್ಲ ಎಂದರೆ ಬೇರೆ ಕಥೆ. ಪಿಂಗ್‌ಗೆ ಉತ್ತರ ಕೊಡುವುದು ಕರ್ನಲ್, ಅಂದರೆ ಸಿಸ್ಟಂನ ತಿರುಳು. ಅದು ಚೆನ್ನಾಗಿದೆ, ಮೇಲಿನ ಪ್ರೋಗ್ರಾಂಗಳು ಉಸಿರುಗಟ್ಟಿವೆ. ಮೆಮೊರಿ ತುಂಬಿಹೋಗಿರಬೇಕು, ಇಲ್ಲವೇ ಡಿಸ್ಕ್ ಕೈಕೊಟ್ಟಿರಬೇಕು.

"ಟೈಮ್ಡ್ ಔಟ್" ಮಾತ್ರ ಏನನ್ನೂ ಬಿಟ್ಟುಕೊಡುವುದಿಲ್ಲ. ಫೈರ್‌ವಾಲ್ ಇರಬಹುದು, ದಾರಿಯಲ್ಲಿನ ರೂಟರ್ ಇರಬಹುದು, ಮೆಷಿನ್ ಪೂರ್ತಿ ಸತ್ತಿರಬಹುದು. ಆಗ ಮೊದಲು ಮೊಬೈಲ್ ಹಾಟ್‌ಸ್ಪಾಟ್‌ನಿಂದ ಒಮ್ಮೆ ನೋಡಿ. ಪಾಸ್‌ವರ್ಡ್ ಕೆಲವು ಸಲ ತಪ್ಪಾಗಿ ಹೊಡೆದಿದ್ದಕ್ಕೆ ಫೇಲ್‌ಟುಬ್ಯಾನ್ ಎಂಬ ಕಾವಲು ಪ್ರೋಗ್ರಾಂ ನಿಮ್ಮ ಮನೆಯ ಐಪಿಯನ್ನೇ ಬ್ಲಾಕ್ ಮಾಡಿರುವುದು ಬಹಳ ಸಾಮಾನ್ಯ. ಏನೂ ಕೆಡದ ಸರ್ವರ್ ಅನ್ನು ಸುಮ್ನೆ ರೀಬೂಟ್ ಮಾಡಿದವರಿಗೆ ಲೆಕ್ಕವಿಲ್ಲ.

ಬಾಗಿಲು ಅರ್ಧ ತೆರೆದಿದ್ದರೆ

ಹಳೆಯ ಎಸ್‌ಎಸ್‌ಎಚ್ ಸೆಷನ್ ಒಂದು ತೆರೆದೇ ಇದೆಯಾ? ದಯವಿಟ್ಟು ಮುಚ್ಚಬೇಡಿ. ಈಗ ನಿಮ್ಮ ಬಳಿ ಇರುವ ದಾರಿಗಳಲ್ಲೆಲ್ಲ ಅಗ್ಗದ್ದು, ವೇಗದ್ದು ಅದೇ.

ಹೊಸ ಪ್ರೋಸೆಸ್ ಶುರುವಾಗುತ್ತಿಲ್ಲ ಅಥವಾ ಡಿಸ್ಕ್ ಓದಲಾಗುತ್ತಿಲ್ಲ ಎಂದರೆ ಎಲ್‌ಎಸ್, ಪಿಎಸ್, ಟಾಪ್‌ನಂಥ ಕಮಾಂಡ್ ಯಾವುದೂ ಓಡುವುದಿಲ್ಲ. ಅವೆಲ್ಲ ಡಿಸ್ಕ್ ಮೇಲಿರುವ ಪ್ರೋಗ್ರಾಂಗಳು. ಎಕೋ, ಕಿಲ್, ಸಿಡಿ ಹಾಗಲ್ಲ. ಅವು ನಿಮ್ಮ ಕಮಾಂಡ್‌ಗಳನ್ನು ಓದುವ ಬ್ಯಾಶ್ ಶೆಲ್‌ನ ಒಳಗೇ ಇವೆ, ಶೆಲ್ ಇದ್ದರೆ ಅವೂ ಇರುತ್ತವೆ. ಎಕೋ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಫೈಲುಗಳ ಪಟ್ಟಿ ಬರುತ್ತದೆ. ಪ್ರಾಕ್ ಡೈರೆಕ್ಟರಿಗೆ ಹೋಗಿ ಹಾಗೆಯೇ ಮಾಡಿದರೆ ಓಡುತ್ತಿರುವ ಪ್ರೋಸೆಸ್‌ಗಳ ನಂಬರ್ ಸಿಗುತ್ತವೆ. ಮೆಮೊರಿ ತಿಂದವನು ಯಾರೆಂದು ಗೊತ್ತಿದ್ದರೆ ಕಿಲ್ ಸಾಕು, ರೀಬೂಟೇ ಬೇಡ.

ಅದೂ ಆಗದಿದ್ದರೆ ಕರ್ನಲ್‌ಗೇ ನೇರ ಆಜ್ಞೆ ಕೊಡುವ ಸಿಸ್‌ಆರ್‌ಕ್ಯೂ. ರೂಟ್ (ಎಲ್ಲ ಅಧಿಕಾರ ಇರುವ ಯೂಸರ್) ಆಗಿ ಪ್ರಾಕ್ ಒಳಗಿನ ಸಿಸ್‌ಆರ್‌ಕ್ಯೂ-ಟ್ರಿಗರ್ ಫೈಲಿಗೆ ಒಂದೊಂದೇ ಅಕ್ಷರ ಬರೆಯುವುದು. ಎಸ್ ಬರೆದರೆ ಮೆಮೊರಿಯಲ್ಲಿ ಬಾಕಿ ಇರುವುದನ್ನು ಡಿಸ್ಕ್‌ಗೆ ಬರೆಯುತ್ತದೆ. ಯು ಬರೆದರೆ ಡಿಸ್ಕ್‌ಗಳನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುತ್ತದೆ. ಬಿ ಬರೆದರೆ ತಕ್ಷಣ ರೀಬೂಟ್. ಇದೇ ಕ್ರಮದಲ್ಲಿ, ನಡುವೆ ಕೆಲವು ಸೆಕೆಂಡ್ ಬಿಟ್ಟು ಬರೆಯಿರಿ. ಮಾಮೂಲಿ ರೀಬೂಟ್ ಕಮಾಂಡ್ ಒಂದೊಂದೇ ಸರ್ವಿಸ್ ನಿಲ್ಲಿಸಲು ಹೋಗಿ, ಸತ್ತ ಎನ್‌ಎಫ್‌ಎಸ್ ಮೌಂಟ್ (ನೆಟ್‌ವರ್ಕ್ ಮೂಲಕ ಜೋಡಿಸಿದ ಡಿಸ್ಕ್) ಮುಂದೆ ಕಾಯುತ್ತಾ ಕೂರಬಹುದು. ಸಿಸ್‌ಆರ್‌ಕ್ಯೂ ಯಾರಿಗೂ ಕಾಯುವುದಿಲ್ಲ. ಕೀಬೋರ್ಡ್‌ನಿಂದ ಸಿಸ್‌ಆರ್‌ಕ್ಯೂ ಬಳಸಲು ಕೆಲವು ಲಿನಕ್ಸ್ ಡಿಸ್ಟ್ರೋಗಳು ಮಿತಿ ಹಾಕಿರುತ್ತವೆ. ಈ ಫೈಲಿನ ಮೂಲಕ ರೂಟ್ ಬರೆದರೆ ಆ ಮಿತಿ ಅಡ್ಡ ಬರುವುದಿಲ್ಲ.

ಪ್ಲಗ್ ಕೀಳುವುದಕ್ಕಿಂತ ಇದು ಎಷ್ಟೋ ವಾಸಿ. ಒಂದೇ ಷರತ್ತು, ಶೆಲ್ ಕೈಯಲ್ಲಿರಬೇಕು.

ಕ್ಲೌಡ್‌ನಲ್ಲಿದ್ದರೆ: ಕನ್ಸೋಲಾ, ಡಿಸ್ಕ್ ಕಳಚುವುದಾ?

ಕ್ಲೌಡ್‌ನಲ್ಲಿ ಎಲ್ಲರೂ ಮೊದಲು ಒತ್ತುವುದು ರೀಬೂಟ್. ತಪ್ಪೇನಲ್ಲ. ಮೆಮೊರಿ ತುಂಬಿಹೋಗಿದ್ದರೆ ಸರಿಹೋಗುತ್ತದೆ. ಫೈರ್‌ವಾಲ್ ರೂಲ್ ಸೇವ್ ಮಾಡದೆ ಹಾಕಿದ್ದರೂ ಸರಿಹೋಗುತ್ತದೆ. ಬೂಟ್ ಆಗುವಾಗಲೇ ಎಡವುತ್ತಿದ್ದರೆ ಎಷ್ಟು ಸಲ ಒತ್ತಿದರೂ ಅಷ್ಟೇ.

ಎಡವಲು ತೀರಾ ಸಾಮಾನ್ಯ ಕಾರಣ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ (ಬೂಟ್ ಆಗುವಾಗ ಜೋಡಿಸಬೇಕಾದ ಡಿಸ್ಕ್‌ಗಳ ಪಟ್ಟಿ) ಒಂದು ಸಾಲು. ಈಗ ಇಲ್ಲದ ಡಿಸ್ಕ್ ಒಂದನ್ನು ಅಲ್ಲಿ ಬರೆದಿದ್ದರೆ, ಸರ್ವಿಸ್‌ಗಳನ್ನೆಲ್ಲ ಶುರುಮಾಡುವ ಸಿಸ್ಟಂಡಿ 90 ಸೆಕೆಂಡ್ ಕಾಯುತ್ತದೆ. ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಹೋಗಿ ಕೂರುತ್ತದೆ. ಎಸ್‌ಎಸ್‌ಎಚ್ ಶುರುವಾಗುವುದೇ ಇಲ್ಲ. ಆ ಸಾಲಿಗೆ ನೋಫೇಲ್ ಎಂದು ಸೇರಿಸಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ.

ಇಂಥದ್ದಕ್ಕೆ ಎರಡು ದಾರಿ. ಒಂದು, ಸೀರಿಯಲ್ ಕನ್ಸೋಲ್. ಅಮೆಜಾನ್ ಇಸಿ2 2021ರಲ್ಲಿ ತಂದಿತು, ಅದು ನೈಟ್ರೋ ಮಾದರಿಯ ಮೆಷಿನ್‌ಗಳಿಗೆ. ಗೂಗಲ್ ಕ್ಲೌಡ್, ಅಜೂರ್‌ಗಳಲ್ಲೂ ಇದೆ. ಬೂಟ್ ಆಗುವುದನ್ನು ಸಾಲು ಸಾಲಾಗಿ ನೋಡಬಹುದು, ಬೂಟ್ ಶುರುಮಾಡುವ ಗ್ರಬ್‌ನ ಮೆನುವನ್ನೂ ಹಿಡಿಯಬಹುದು. ಕಾಸಿಗೆ ತಕ್ಕ ಕಜ್ಜಾಯ ಅಲ್ಲ, ಬಿಟ್ಟಿ ಕಜ್ಜಾಯ! ಆದರೆ ಒಂದು ತೊಡಕಿದೆ. ಕ್ಲೌಡ್ ಇಮೇಜ್‌ಗಳಲ್ಲಿ ಯಾರಿಗೂ ಪಾಸ್‌ವರ್ಡ್ ಇರುವುದಿಲ್ಲ, ಎಲ್ಲ ಎಸ್‌ಎಸ್‌ಎಚ್ ಕೀ ಫೈಲಿನ ಮೂಲಕ. ಕನ್ಸೋಲ್‌ನಲ್ಲಿ ಕೀ ನಡೆಯುವುದಿಲ್ಲ. ಎಮರ್ಜೆನ್ಸಿ ಮೋಡ್ ಕೂಡ "ರೂಟ್ ಖಾತೆ ಲಾಕ್ ಆಗಿದೆ" ಎಂದು ಮುಖ ತಿರುಗಿಸುತ್ತದೆ. ಹಾಗಾಗಿ ಒಬ್ಬ ಯೂಸರ್‌ಗೆ ಗಟ್ಟಿ ಪಾಸ್‌ವರ್ಡ್ ಇವತ್ತೇ ಇಡಿ. ಎಸ್‌ಎಸ್‌ಎಚ್‌ನಲ್ಲಿ ಪಾಸ್‌ವರ್ಡ್ ಲಾಗಿನ್ ಬಂದ್ ಇರಲಿ. ಗ್ರಬ್ ಮತ್ತು ಕರ್ನಲ್ ಎರಡೂ ಸೀರಿಯಲ್ ಪೋರ್ಟ್‌ಗೆ ಬರೆಯುವಂತೆ ಇದೆಯೇ ಎಂದೂ ಒಮ್ಮೆ ನೋಡಿ.

ಎರಡನೆಯದು ಡಿಸ್ಕ್ ಕಳಚುವುದು. ಮೆಷಿನ್ ನಿಲ್ಲಿಸಿ, ರೂಟ್ ಡಿಸ್ಕ್ ತೆಗೆದು, ಚೆನ್ನಾಗಿರುವ ಇನ್ನೊಂದು ಮೆಷಿನ್‌ಗೆ ಎರಡನೇ ಡಿಸ್ಕ್ ಆಗಿ ಹಾಕಿ, ಸರಿಮಾಡಿ, ಮರಳಿ ಜೋಡಿಸುವುದು. ನಿಧಾನ, ಆದರೆ ಒಳಗಿನ ಸಿಸ್ಟಂ ಎಷ್ಟೇ ಕೆಟ್ಟಿರಲಿ, ನಡೆಯುತ್ತದೆ. ಮೊದಲು ಡಿಸ್ಕ್‌ನ ಸ್ನ್ಯಾಪ್‌ಶಾಟ್ (ಇದ್ದ ಹಾಗೆಯೇ ಒಂದು ಪ್ರತಿ) ತೆಗೆದುಕೊಳ್ಳಿ.

ಕಾಲಿಗೆ ತೊಡರುವ ಕಲ್ಲುಗಳು ಇಲ್ಲೂ ಇವೆ. ಅಮೆಜಾನ್‌ನಲ್ಲಿ ಮೆಷಿನ್ ನಿಲ್ಲಿಸಿ ಶುರು ಮಾಡಿದರೆ ಪಬ್ಲಿಕ್ ಐಪಿ ಬದಲಾಗುತ್ತದೆ, ಎಲಾಸ್ಟಿಕ್ ಐಪಿ (ಕಾಯ್ದಿರಿಸಿಕೊಂಡ ಸ್ಥಿರ ವಿಳಾಸ) ಇದ್ದರೆ ಮಾತ್ರ ಉಳಿಯುತ್ತದೆ. ಇನ್‌ಸ್ಟನ್ಸ್ ಸ್ಟೋರ್ ಎಂಬ ತಾತ್ಕಾಲಿಕ ಡಿಸ್ಕ್‌ನಲ್ಲಿದ್ದದ್ದು ಹೋಗಿಯೇ ಹೋಗುತ್ತದೆ. ಎರಡೂ ಮೆಷಿನ್ ಒಂದೇ ಇಮೇಜ್‌ನಿಂದ ಹುಟ್ಟಿದ್ದರೆ ಡಿಸ್ಕ್‌ಗಳ ಗುರುತೂ ಒಂದೇ ಇರಬಹುದು. ಫೈಲ್ ಸಿಸ್ಟಂ ಎಕ್ಸ್‌ಎಫ್‌ಎಸ್ ಆದರೆ ಮೌಂಟ್ ಮಾಡಲು ಒಪ್ಪುವುದಿಲ್ಲ, ನೋ-ಯುಯುಐಡಿ ಆಯ್ಕೆ ಕೊಡಬೇಕು. ಇನ್ನೊಂದು ಮಾತು: ಡಿಸ್ಕ್ ಹಾಕಿರುವಾಗ ನೆರವಿನ ಮೆಷಿನ್ ರೀಬೂಟ್ ಮಾಡಬೇಡಿ. ಅದು ಕೆಟ್ಟ ಡಿಸ್ಕ್‌ನಿಂದಲೇ ಬೂಟ್ ಆಗಿಬಿಡಬಹುದು.

2024ರ ಜುಲೈ 19ರಂದು ಈ ವಿಧಾನದ ಬೆಲೆ ಎಲ್ಲರಿಗೂ ಗೊತ್ತಾಯಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಕೆಟ್ಟ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಮೆಷಿನ್‌ಗಳು ನೀಲಿ ಪರದೆ ತೋರಿಸುತ್ತಾ ಮತ್ತೆ ಮತ್ತೆ ಬೂಟ್ ಆಗತೊಡಗಿದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರಲ್ಲ, ಅದೇ ದಿನ. ಅಳಿಸಬೇಕಿದ್ದುದು ಒಂದು ಫೈಲ್. ಕ್ಲೌಡ್‌ನಲ್ಲಿದ್ದವರು ಡಿಸ್ಕ್ ಕಳಚಿ, ಅಳಿಸಿ, ಜೋಡಿಸಿದರು. ಮೈಕ್ರೋಸಾಫ್ಟ್ ಅಜೂರ್ ಗ್ರಾಹಕರಿಗೆ ಇನ್ನೊಂದು ಸಲಹೆಯನ್ನೂ ಕೊಟ್ಟಿತ್ತು: ರೀಬೂಟ್ ಮಾಡುತ್ತಾ ಇರಿ, 15 ಸಲದವರೆಗೂ ಬೇಕಾಗಬಹುದು. ನಗು ಬರುತ್ತದೆ ಅಲ್ವಾ? ಕೆಲವರಿಗೆ ಅದು ಫಲಿಸಿತು ಕೂಡ. ಬೂಟ್ ಆಗಿ ಬೀಳುವ ಮುಂಚೆ ಸಿಗುವ ಆ ಚೂರು ಸಮಯದಲ್ಲಿ ಸರಿಯಾದ ಅಪ್‌ಡೇಟ್ ಇಳಿದುಬಿಡುತ್ತಿತ್ತು. ಡಿಸ್ಕ್‌ಗೆ ಬಿಟ್‌ಲಾಕರ್ ಎಂಬ ಗೂಢಲಿಪಿ ಬೀಗ ಹಾಕಿದ್ದವರ ಪಾಡು ಬೇರೆ. ಬೀಗ ತೆಗೆಯಲು ಬೇಕಾದ ರಿಕವರಿ ಕೀ ಇದ್ದದ್ದೇ ಬಿದ್ದುಹೋದ ಇನ್ನೊಂದು ಸರ್ವರ್‌ನಲ್ಲಿ ಎಂದರೆ ಏನು ಮಾಡುವುದು?

ನನ್ನ ಆಯ್ಕೆ ಹೀಗೆ: ಪಾಸ್‌ವರ್ಡ್ ಮೊದಲೇ ಇಟ್ಟಿದ್ದರೆ ಕನ್ಸೋಲ್, ಇಲ್ಲದಿದ್ದರೆ ನೇರ ಡಿಸ್ಕ್.

ಬಾಡಿಗೆಯ ಡೆಡಿಕೇಟೆಡ್ ಸರ್ವರ್

ಇಲ್ಲಿ ಡಿಸ್ಕ್ ಕಳಚಲಾಗದು. ಬದಲಿಗೆ ರೆಸ್ಕ್ಯೂ ಮೋಡ್ ಇರುತ್ತದೆ. ಹೆಟ್ಸ್‌ನರ್, ಓವಿಎಚ್‌ನಂಥ ಹೋಸ್ಟಿಂಗ್ ಕಂಪನಿಗಳ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಅದನ್ನು ಆನ್ ಮಾಡಿ ರೀಸೆಟ್ ಕೊಟ್ಟರೆ ಮೆಷಿನ್ ನೆಟ್‌ವರ್ಕ್‌ನಿಂದ ಚಿಕ್ಕ ಲಿನಕ್ಸ್ ಒಂದನ್ನು ಮೆಮೊರಿಗೆ ಎಳೆದುಕೊಂಡು ಬೂಟ್ ಆಗುತ್ತದೆ. ನಿಮ್ಮ ಡಿಸ್ಕ್‌ಗಳನ್ನು ಮೌಂಟ್ ಮಾಡಿ, ಸಿಎಚ್‌ರೂಟ್ ಮಾಡಿ (ನಿಮ್ಮ ಸಿಸ್ಟಂನ ಒಳಗೆ ಹೊಕ್ಕು), ಗ್ರಬ್‌ನಿಂದ ಹಿಡಿದು ಫೈರ್‌ವಾಲ್‌ವರೆಗೆ ಎಲ್ಲ ಸರಿಮಾಡಬಹುದು. ಎಸ್‌ಎಸ್‌ಎಚ್ "ಹೋಸ್ಟ್ ಕೀ ಬದಲಾಗಿದೆ" ಎಂದು ಕೂಗಾಡುತ್ತದೆ. ರೆಸ್ಕ್ಯೂ ಲಿನಕ್ಸ್‌ನ ಕೀ ಬೇರೆ ಇರುವುದರಿಂದ ಹಾಗೆ. ಪ್ಯಾನೆಲ್‌ನಲ್ಲಿ ಕೀ ಗುರುತು ತೋರಿಸಿದ್ದರೆ ಹೋಲಿಸಿ ನೋಡಿ ಮುಂದುವರಿಯಿರಿ.

ರೆಸ್ಕ್ಯೂ ಮೋಡ್‌ನ ದೊಡ್ಡ ಕೊರತೆ, ಅದು ಕುರುಡು. ಸರಿಮಾಡಿ ರೀಬೂಟ್ ಕೊಟ್ಟ ಮೇಲೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಮತ್ತೆ ರೆಸ್ಕ್ಯೂ. ಜರ್ನಲ್ ಲಾಗ್ ಡಿಸ್ಕ್‌ನಲ್ಲಿ ಉಳಿಯುವಂತೆ ಇಟ್ಟಿದ್ದರೆ ಹಿಂದಿನ ಬೂಟ್ ಎಲ್ಲಿ ನಿಂತಿತು ಎಂದು ಓದಬಹುದು. ಮೆಮೊರಿಯಲ್ಲಿ ಮಾತ್ರ ಇದ್ದರೆ ಏನೂ ಉಳಿದಿರುವುದಿಲ್ಲ. ಎರಡನೇ ಸಲವೂ ಬೂಟ್ ಆಗದಿದ್ದರೆ ಊಹೆ ಸಾಕು ಮಾಡಿ, ಹೋಸ್ಟಿಂಗ್‌ನವರಿಂದ ಕೆವಿಎಂ ಕೇಳಿ. ಪರದೆಯಲ್ಲಿ ಒಂದು ಸಾಲಿನ ಎರರ್ ಕಣ್ಣಾರೆ ಕಂಡರೆ ಗಂಟೆಗಟ್ಟಲೆಯ ಊಹೆ ತಪ್ಪುತ್ತದೆ.

ಸ್ವಂತ ಸರ್ವರ್: ಬಿಎಂಸಿಯ ಗುಣ, ಅವಗುಣ

ಡೆಲ್ಲಿನ ಐಡ್ರ್ಯಾಕ್, ಎಚ್‌ಪಿಇಯ ಐಲೋ, ಸೂಪರ್‌ಮೈಕ್ರೋದ ಐಪಿಎಂಐ ಎಲ್ಲ ಒಂದೇ ಜಾತಿ, ಬಿಎಂಸಿ. ಮದರ್‌ಬೋರ್ಡ್ ಮೇಲೆಯೇ ಕೂತ ಇನ್ನೊಂದು ಪುಟ್ಟ ಕಂಪ್ಯೂಟರ್. ಅದಕ್ಕೆ ಬೇರೆ ಪ್ರೊಸೆಸರ್, ಸಾಮಾನ್ಯವಾಗಿ ಬೇರೆ ನೆಟ್‌ವರ್ಕ್ ಪೋರ್ಟ್. ಸರ್ವರ್ ಆಫ್ ಇದ್ದರೂ ಪ್ಲಗ್‌ನಲ್ಲಿ ಕರೆಂಟ್ ಇದ್ದರೆ ಅದು ಎಚ್ಚರ. ಬಿಎಂಸಿ ಜೊತೆ ಮಾತಾಡುವ ಐಪಿಎಂಐ ನಿಯಮಗಳನ್ನು ಇಂಟೆಲ್, ಡೆಲ್, ಎಚ್‌ಪಿ, ಎನ್‌ಇಸಿ ಸೇರಿ 1998ರಲ್ಲಿ ತಂದವು. 2015ರಿಂದ ರೆಡ್‌ಫಿಶ್ ಎಂಬ ಹೊಸದು ಬಂದಿದೆ. ಸ್ವಂತ ಸರ್ವರ್ ದೂರ ಇಡುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹಳೆಯ ಸರ್ವರ್ ಕೊಳ್ಳುವಾಗ ಪ್ರೊಸೆಸರ್‌ಗಿಂತ ಮೊದಲು ಬಿಎಂಸಿ ವಿಚಾರಿಸಿ.

ವಿಚಾರಿಸುವಾಗ ಲೈಸೆನ್ಸ್ ಕೇಳುವುದು ಮರೆಯಬೇಡಿ. ಐಲೋದಲ್ಲಿ ಅಡ್ವಾನ್ಸ್ಡ್, ಐಡ್ರ್ಯಾಕ್‌ನಲ್ಲಿ ಎಂಟರ್‌ಪ್ರೈಸ್ ಲೈಸೆನ್ಸ್ ಇಲ್ಲದಿದ್ದರೆ ಪೂರ್ತಿ ಗ್ರಾಫಿಕ್ ಕನ್ಸೋಲ್ ಸಾಮಾನ್ಯವಾಗಿ ಸಿಗುವುದಿಲ್ಲ. ಆನ್-ಆಫ್ ಮತ್ತು ಸೀರಿಯಲ್ ಓವರ್ ಲ್ಯಾನ್ ಇದ್ದರೂ ಲಿನಕ್ಸ್ ಸರ್ವರ್‌ಗೆ ಸಾಕು. ನನಗಂತೂ ಸೀರಿಯಲ್ಲೇ ಇಷ್ಟ. ನಿಧಾನದ ನೆಟ್‌ನಲ್ಲೂ ನಡೆಯುತ್ತದೆ, ಪಠ್ಯವನ್ನು ಕಾಪಿ ಮಾಡಿಕೊಳ್ಳಬಹುದು, ಲಾಗ್ ಹಿಡಿದಿಡಬಹುದು. ಹಳೆಯ ಬಿಎಂಸಿಗಳ ಗ್ರಾಫಿಕ್ ಕನ್ಸೋಲ್ ಜಾವಾ ಕೇಳುತ್ತದೆ. ಈಗಿನ ಬ್ರೌಸರ್‌ಗಳಲ್ಲಿ ಜಾವಾ ಆಪ್ಲೆಟ್ ಓಡುವುದೇ ಇಲ್ಲ. ಅಂಥದ್ದಿದ್ದರೆ ಹಳೆಯ ಜಾವಾ ಹಾಕಿದ ವರ್ಚುವಲ್ ಮೆಷಿನ್ ಒಂದನ್ನು ಮೊದಲೇ ಸಿದ್ಧವಿಡಿ. ರಾತ್ರಿ ಎರಡು ಗಂಟೆಗೆ ಜಾವಾ ಹುಡುಕುವ ಶಿಕ್ಷೆ ಯಾರಿಗೂ ಬೇಡ.

ವರ್ಚುವಲ್ ಮೀಡಿಯಾ ಬಳಸಿ ಐಎಸ್‌ಒ ಫೈಲ್‌ನಿಂದ ಬೂಟ್ ಮಾಡಬಹುದು. ಆದರೆ ಫೈಲ್ ನಿಮ್ಮ ಲ್ಯಾಪ್‌ಟಾಪ್‌ನಲ್ಲಿದ್ದರೆ ಓದುವ ಪ್ರತಿಯೊಂದು ಚೂರೂ ನಿಮ್ಮ ಮನೆಯ ಅಪ್‌ಲೋಡ್ ವೇಗದಲ್ಲಿ ಹೋಗಬೇಕು. ಐಎಸ್‌ಒ ಅನ್ನು ಅದೇ ಡೇಟಾ ಸೆಂಟರಿನ ಇನ್ನೊಂದು ಮೆಷಿನ್‌ನಲ್ಲಿಟ್ಟು ಎನ್‌ಎಫ್‌ಎಸ್ ಅಥವಾ ಎಚ್‌ಟಿಟಿಪಿ ಮೂಲಕ ಕೊಡಿ, ವ್ಯತ್ಯಾಸ ನೀವೇ ನೋಡುತ್ತೀರಿ.

ಬಿಎಂಸಿಯೂ ಒಮ್ಮೊಮ್ಮೆ ನೇತಾಡುತ್ತದೆ, ಅಂದರೆ ಹ್ಯಾಂಗ್ ಆಗುತ್ತದೆ. ವೆಬ್ ಪುಟ ತೆರೆಯುವುದಿಲ್ಲ, ಐಪಿಎಂಐ ಟೂಲ್‌ಗೆ ಮಾತ್ರ ಉತ್ತರ ಕೊಡುತ್ತಿರುತ್ತದೆ. ಆಗ ಬಿಎಂಸಿಗೆ ಕೋಲ್ಡ್ ರೀಸೆಟ್ ಕೊಡಿ. ಸಾಮಾನ್ಯವಾಗಿ ಇದರಿಂದ ಓಡುತ್ತಿರುವ ಸರ್ವರ್‌ಗೆ ಏನೂ ಆಗುವುದಿಲ್ಲ.

ಈಗ ಅವಗುಣ. ಬಿಎಂಸಿ ಕೈಗೆ ಸಿಕ್ಕವನಿಗೆ ಸರ್ವರ್ ಪೂರ್ತಿ ಸಿಕ್ಕ ಹಾಗೆಯೇ. ಐಪಿಎಂಐ 2.0ದ ಲಾಗಿನ್ ಕ್ರಮದಲ್ಲೇ ಒಂದು ತೂತಿದೆ. ಕೇಳಿದವರಿಗೆ ಪಾಸ್‌ವರ್ಡ್‌ನ ಹ್ಯಾಶ್ (ಪಾಸ್‌ವರ್ಡ್ ಊಹಿಸಿ ಹೋಲಿಸಿ ನೋಡಬಹುದಾದ ಗುರುತು) ಕೊಟ್ಟುಬಿಡುತ್ತದೆ. 2013ರಿಂದ ಎಲ್ಲರಿಗೂ ಗೊತ್ತು, ನಿಯಮದಲ್ಲೇ ಇರುವುದರಿಂದ ರಿಪೇರಿ ಇಲ್ಲ. 2017ರಲ್ಲಿ ಐಲೋ 4ರಲ್ಲಿ ಕಂಡದ್ದು ಇನ್ನೂ ತಮಾಷೆ: ಒಂದು ಎಚ್‌ಟಿಟಿಪಿ ಹೆಡರ್‌ನಲ್ಲಿ ಇಂಗ್ಲಿಷಿನ ಎ ಅಕ್ಷರವನ್ನು 29 ಸಲ ಬರೆದು ಕಳಿಸಿದರೆ ಪಾಸ್‌ವರ್ಡೇ ಬೇಡ! ಬಿಎಂಸಿಯನ್ನು ಎಂದೂ ನೇರ ಇಂಟರ್ನೆಟ್‌ಗೆ ತೆರೆಯಬೇಡಿ, ವಿಪಿಎನ್ ಹಿಂದಿಡಿ. ಮತ್ತೆ ಅದೇ ಪ್ರಶ್ನೆ: ಆ ವಿಪಿಎನ್ ಇದೇ ಸರ್ವರ್ ಮೇಲೆ ಇಲ್ಲ ತಾನೇ? ಬಿಎಂಸಿಯ ಸ್ವಂತ ಪೋರ್ಟ್‌ಗೆ ಕೇಬಲ್ ಹಾಕಿದ್ದೀರಾ ಎಂದೂ ನೋಡಿ. ಸೂಪರ್‌ಮೈಕ್ರೋದಂಥ ಬೋರ್ಡ್‌ಗಳಲ್ಲಿ ಫೇಲ್‌ಓವರ್ ಎಂದಿದ್ದರೆ, ಆ ಕೇಬಲ್ ಇಲ್ಲದಾಗ ಬಿಎಂಸಿ ಸದ್ದಿಲ್ಲದೆ ಸರ್ವರಿನ ಮಾಮೂಲಿ ಪೋರ್ಟ್‌ಗೆ ಬಂದು ಕೂರುತ್ತದೆ.

ಮನೆ, ಸಣ್ಣ ಆಫೀಸು: ಬಿಎಂಸಿ ಇಲ್ಲದ ಮೆಷಿನ್

ಊರಿನ ಮನೆಯಲ್ಲೋ ಬ್ರಾಂಚ್ ಆಫೀಸಿನಲ್ಲೋ ಇರುವ ಮಾಮೂಲಿ ಪಿಸಿಗೆ ಪೈಕೆವಿಎಂ ಥರದ ಐಪಿ ಕೆವಿಎಂ ಒಳ್ಳೆಯ ಆಯ್ಕೆ. ರಾಸ್ಪ್‌ಬೆರಿ ಪೈ ಒಂದು ಪಿಸಿಯ ಎಚ್‌ಡಿಎಂಐ ಹಿಡಿದು, ಯುಎಸ್‌ಬಿ ಕೀಬೋರ್ಡ್‌ನಂತೆ ನಟಿಸುತ್ತದೆ. ಬಯೋಸ್ ಕೂಡ ಕಾಣುತ್ತದೆ. ಜೆಟ್‌ಕೆವಿಎಂ, ನ್ಯಾನೋಕೆವಿಎಂ ಇದೇ ಬಗೆಯ ಅಗ್ಗದ ಪುಟ್ಟ ಡಬ್ಬಿಗಳು. ನೆನಪಿರಲಿ, ಮದರ್‌ಬೋರ್ಡ್‌ನ ಪವರ್ ಮತ್ತು ರೀಸೆಟ್ ಪಿನ್‌ಗಳಿಗೆ ವೈರ್ ಎಳೆಯುವ ಬೋರ್ಡ್ ಜೊತೆಗಿಲ್ಲದಿದ್ದರೆ ನೇತಾಡಿದ ಮೆಷಿನ್ ಅನ್ನು ನೋಡುತ್ತಾ ಕೂರಬಹುದು ಅಷ್ಟೇ. ಆಫೀಸ್ ಪಿಸಿಯಲ್ಲಿ ಇಂಟೆಲ್ ವಿ-ಪ್ರೋ (vPro) ಗುರುತಿದ್ದರೆ ಎಎಂಟಿ ಎಂಬ ದೂರ ನಿರ್ವಹಣೆಯ ಸೌಲಭ್ಯ ಒಳಗೇ ಇರುತ್ತದೆ, ಬೇರೆ ಡಬ್ಬಿ ಬೇಡ.

ನಮ್ಮಲ್ಲಿ ಮನೆಯ ಬ್ರಾಡ್‌ಬ್ಯಾಂಡ್ ಅನೇಕ ಕಡೆ ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಪಬ್ಲಿಕ್ ಐಪಿ) ಹಿಂದಿರುತ್ತದೆ, ಹೊರಗಿನಿಂದ ನೇರ ಬರಲಾಗುವುದಿಲ್ಲ. ಟೇಲ್‌ಸ್ಕೇಲ್‌ನಂಥ ವಿಪಿಎನ್ ಬೇಕು. ಅದನ್ನು ಪಿಸಿಯಲ್ಲಲ್ಲ, ಕೆವಿಎಂ ಡಬ್ಬಿಯಲ್ಲೇ ಹಾಕಿ. ಸಾಧ್ಯವಾದರೆ ಡಬ್ಬಿಗೆ ಬೇರೆ ಕಂಪನಿಯ ಸಿಮ್ ಇರುವ 4ಜಿ ಡಾಂಗಲ್ ಕೊಡಿ.

ವೇಕ್ ಆನ್ ಲ್ಯಾನ್ ಬಗ್ಗೆ ಜಾಸ್ತಿ ಆಸೆ ಬೇಡ. ಆಫ್ ಆದದ್ದನ್ನು ಎಬ್ಬಿಸುತ್ತದೆ, ನೇತಾಡಿದ್ದನ್ನು ಅಲ್ಲ. ಸ್ಮಾರ್ಟ್ ಪ್ಲಗ್ ಎಲ್ಲಕ್ಕಿಂತ ಅಗ್ಗ. ಆದರೆ ಕರೆಂಟ್ ಕಿತ್ತ ಹಾಗೆಯೇ ಲೆಕ್ಕ, ಬರೆಯುತ್ತಿದ್ದ ಡೇಟಾ ಹೋಗಬಹುದು. ಬಯೋಸ್‌ನಲ್ಲಿ "ಕರೆಂಟ್ ಬಂದಾಗ ಆನ್ ಆಗು" ಎಂಬ ಆಯ್ಕೆ ಇಟ್ಟಿಲ್ಲದಿದ್ದರೆ ಪ್ಲಗ್ ಆನ್ ಆದರೂ ಪಿಸಿ ಆನ್ ಆಗುವುದಿಲ್ಲ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಾದರೆ ಈ ಆಯ್ಕೆ ಪ್ಲಗ್‌ಗಿಂತ ಮುಖ್ಯ. ಯುಪಿಎಸ್‌ಗೆ ರೂಟರನ್ನೂ ಫೈಬರ್ ಡಬ್ಬಿಯನ್ನೂ ಸೇರಿಸಿ.

ತಾನೇ ಹಿಂದಕ್ಕೆ ಬರುವ ವ್ಯವಸ್ಥೆ

ಇಲ್ಲಿವರೆಗಿನ ದಾರಿಗಳಿಗೆಲ್ಲ ನೀವು ಎಚ್ಚರವಿದ್ದು ಏನಾದರೂ ಮಾಡಬೇಕು. ಇವಕ್ಕೆ ಬೇಡ. ನೆಟ್‌ವರ್ಕ್ ಸೆಟ್ಟಿಂಗ್ ಬದಲಿಸುವಾಗ ನೆಟ್‌ಪ್ಲಾನ್ ಟ್ರೈ ಎಂಬ ಕಮಾಂಡ್ ಕೊಟ್ಟರೆ 120 ಸೆಕೆಂಡ್‌ನಲ್ಲಿ ನೀವು ಒಪ್ಪದಿದ್ದರೆ ಹಳೆಯ ಸೆಟ್ಟಿಂಗ್ ಮರಳುತ್ತದೆ. ಜುನಿಪರ್ ರೂಟರ್‌ನ ಕಮಿಟ್ ಕನ್ಫರ್ಮ್ಡ್‌ಗೆ 10 ನಿಮಿಷ. ಫೈರ್‌ವಾಲ್ ಬದಲಿಸುವ ಮುಂಚೆ, ಐದು ನಿಮಿಷದ ಮೇಲೆ ಹಳೆಯ ರೂಲ್‌ಗಳನ್ನು ಮರಳಿ ಹಾಕು ಎಂದು ಆಟ್ ಕಮಾಂಡ್‌ಗೆ ಹೇಳಿಟ್ಟರೆ ಸಾಕು. ಎಲ್ಲ ಸರಿ ಇದ್ದರೆ ರದ್ದು ಮಾಡಿ.

ಲಿನಕ್ಸ್ ಕರ್ನಲ್ ಪ್ಯಾನಿಕ್ ಆದರೆ (ಮುಂದುವರಿಯಲಾಗದ ದೋಷ ಬಂದರೆ) ಮೂಲ ಸೆಟ್ಟಿಂಗ್‌ನಲ್ಲಿ ಹಾಗೆಯೇ ನಿಂತುಬಿಡುತ್ತದೆ. ಕರ್ನಲ್-ಪ್ಯಾನಿಕ್ ಮೌಲ್ಯ 10 ಎಂದಿಟ್ಟರೆ 10 ಸೆಕೆಂಡ್ ಬಿಟ್ಟು ರೀಬೂಟ್ ಆಗುತ್ತದೆ. ಮೆಷಿನ್ ಸುಮ್ಮನಾದರೆ ತಾನೇ ರೀಸೆಟ್ ಮಾಡುವ ಹಾರ್ಡ್‌ವೇರ್ ವಾಚ್‌ಡಾಗ್ ಅನ್ನು ಸಿಸ್ಟಂಡಿಗೆ ಒಪ್ಪಿಸಬಹುದು. ಆದರೆ ಅದು ನೋಡುವುದು ಸಿಸ್ಟಂಡಿ ಬದುಕಿದೆಯಾ ಎಂದಷ್ಟೇ. ಎಸ್‌ಎಸ್‌ಎಚ್ ಸತ್ತು ಸಿಸ್ಟಂಡಿ ಬದುಕಿದ್ದರೆ ವಾಚ್‌ಡಾಗ್ ಬೊಗಳುವುದಿಲ್ಲ.

ಬೇರೆಯವರ ಕೈ

ಡಿಸ್ಕ್ ಸತ್ತಿದ್ದರೆ, ಕೇಬಲ್ ಸಡಿಲವಾಗಿದ್ದರೆ ಯಾವ ಕನ್ಸೋಲೂ ಏನೂ ಮಾಡಲಾರದು. ಡೇಟಾ ಸೆಂಟರಿಗೆ ಟಿಕೆಟ್ ಹಾಕಬೇಕು. "ಸರ್ವರ್ ಡೌನ್, ದಯವಿಟ್ಟು ನೋಡಿ" ಎಂದು ಬರೆದರೆ ಅವರು ಮಾಡುವುದು ಒಂದೇ, ರೀಬೂಟ್. ರ‍್ಯಾಕ್ ನಂಬರ್, ರ‍್ಯಾಕ್‌ನಲ್ಲಿ ಎಷ್ಟನೇ ಯು (ಸಾಲು), ಸೀರಿಯಲ್ ನಂಬರ್, ಏನು ಮಾಡಬೇಕು, ಏನು ಮಾಡಬಾರದು ಎಂದು ಬರೆಯಿರಿ. ಕೆಟ್ಟ ಡಿಸ್ಕ್ ಬದಲಿಸುವುದಾದರೆ ಅದರ ಸೀರಿಯಲ್ ನಂಬರ್ ಕೊಡಿ. ರೇಡ್‌ನಲ್ಲಿ (ಹಲವು ಡಿಸ್ಕ್ ಸೇರಿಸಿದ ಗುಂಪಿನಲ್ಲಿ) ಚೆನ್ನಾಗಿರುವ ಡಿಸ್ಕ್ ಎಳೆದರೆ ಕಥೆ ಮುಗಿಯಿತು. ಬಿಎಂಸಿ ಇದ್ದರೆ ಸರ್ವರಿನ ಗುರುತಿನ ದೀಪವನ್ನೂ ಅದರಿಂದಲೇ ಹಚ್ಚಬಹುದು. ಐಪಿಎಂಐ ಟೂಲ್‌ನಲ್ಲಿ ಚಾಸಿಸ್ ಐಡೆಂಟಿಫೈ ಎಂದಷ್ಟೇ ಕೊಟ್ಟರೆ ಸಾಮಾನ್ಯವಾಗಿ 15 ಸೆಕೆಂಡ್‌ಗೆ ಆರಿಹೋಗುತ್ತದೆ, ಟೆಕ್ನಿಷಿಯನ್ ಇನ್ನೂ ಮೆಟ್ಟಿಲು ಹತ್ತುತ್ತಿರುತ್ತಾರೆ. ಜೊತೆಗೆ ಫೋರ್ಸ್ ಎಂದು ಸೇರಿಸಿ, ಕೆಲಸ ಮುಗಿದ ಮೇಲೆ ನೀವೇ ಆರಿಸಿ.